ಬೇಕರಿಯ ಎದುರಿನ ಆರು ಕಿಟಕಿಗಳು

ಕಾಕಂಬಿ ಕೊಲ್ಲಿ
ಸೇಂಟ್ ಅಂಬ್ರೋಸ್ ದ್ವೀಪ
ಆಗಸ್ಟ್ ೨೪

ಪ್ರಿಯ ಆಲ್ಸ್ಟನ್,

ನನ್ನ ಎಡಗೆನ್ನೆಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಬೈಯಬೇಡ. ಕಾರಣ ನನ್ನ ಸೋಮಾರಿತನವಲ್ಲ, ಅಟ್ಲಾಂಟಿಕ್ ಸಾಗರದ ಚುರುಕುತನ. ಈ ವರ್ಷ ಅದಕ್ಕೆ ಹೆರಿಗೆಯ ಹುಚ್ಚು ಹಿಡಿದಿದೆ. ನಾಲ್ಕು ದಿನಕ್ಕೊಂದು ಸುಳಿ ಆಫ್ರಿಕದ ಕರಾವಳಿ ಬಿಟ್ಟು ಹೊರಡುತ್ತದೆ, ಪಟ್ಟಿಯಲ್ಲಿ ಮುಂದೆ ಯಾವ ಹೆಸರಿದೆಯೋ ಅದನ್ನು ಇಟ್ಟುಕೊಂಡು ನೆಟ್ಟಗೆ ನಮ್ಮ ಕಡೆ ನಡೆದು ಬರುತ್ತದೆ. ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವರು ನಾನು, ಸೆಲ್ವಿನ್ ಇಬ್ಬರೇ. ಸಮುದ್ರದ ಮೇಲೆ ಗಾಳಿಯ ಒತ್ತಡ ಇಳಿದಷ್ಟೂ ಬೆಟ್ಟದ ಮೇಲೆ ನಮ್ಮಿಬ್ಬರ ರಕ್ತದೊತ್ತಡ ಏರುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದಿಡಬಹುದು.

ಈಗ ಎಡಗೆನ್ನೆಯ ವಿಚಾರ. ಹತ್ತು ದಿನದ ಹಿಂದೆ ಗ್ರಿಸೆಲ್ಡ ಎಂಬ ಚಂಡಮಾರುತ ಬರುವುದಿತ್ತು. ಎಲ್ಲ ಲೆಕ್ಕವೂ ನಮ್ಮ ದ್ವೀಪದ ನಡುನೆತ್ತಿಗೇ ಬೆರಳು ಮಾಡುತ್ತಿತ್ತು. ನಾನು ರೇಡಿಯೊದಲ್ಲಿ ಎಚ್ಚರಿಕೆ ಕೊಟ್ಟೆ, ಮನೆಗೆ ಬಂದು ಕಿಟಕಿಗಳಿಗೆ ಹಲಗೆ ಬಡಿದೆ. ನಿನಗೆ ಗೊತ್ತೇ ಇದೆ, ನಮ್ಮ ಕಡಲ ರಸ್ತೆಯವರು ರೇಡಿಯೊ ಕೇಳುವುದು ಕಿವಿಯಿಂದ, ನಂಬುವುದು ಕಣ್ಣಿನಿಂದ. ಸರ್ಕಾರದ ಮನುಷ್ಯ ಸಂಬಳಕ್ಕೆ ಏನಾದರೂ ಹೇಳಿಯಾನು, ತನ್ನ ಮನೆಗೆ ಹಲಗೆ ಬಡಿದನೋ ಇಲ್ಲವೋ ನೋಡಿ ಎಂದು ನನ್ನ ಮಾವನ ಕಾಲದಿಂದ ನಡೆದು ಬಂದಿದೆ. ಹವಾಮಾನದ ಕೆಲಸ ಅವರದ್ದೇ ಆಗಿತ್ತು, ಮನೆಯೂ ಅವರದ್ದೇ. ಸಮುದ್ರದತ್ತ ಮುಖ ಮಾಡಿದ ಆರು ಕಿಟಕಿಗಳಿಗೆ ಹಲಗೆ ಏರಿತೆಂದರೆ ಅರ್ಧ ಗಂಟೆಯಲ್ಲಿ ಕಡಲ ರಸ್ತೆ ಖಾಲಿ. ಕೋಳಿ, ಮೇಕೆ, ಹೊಲಿಗೆಯಂತ್ರ ಹೊತ್ತು ಎಲ್ಲರೂ ಬೆಟ್ಟದ ಮೇಲಿನ ಕಲ್ಲಿನ ಚರ್ಚಿಗೆ ಹೊರಟುಬಿಡುತ್ತಾರೆ.

ಹಾಗೆಯೇ ಹೊರಟರು. ಎರಡು ದಿನ ಕಾದರು. ಗ್ರಿಸೆಲ್ಡ ಉತ್ತರಕ್ಕೆ ತಿರುಗಿ ಖಾಲಿ ಸಮುದ್ರದಲ್ಲಿ ಕುಣಿದು ಹೋದಳು. ಇಲ್ಲಿ ಒಂದು ತೆಂಗಿನ ಗರಿಯೂ ಅಲುಗಲಿಲ್ಲ. ಮೂರನೆಯ ದಿನ ಮೀನಿನ ಕಟ್ಟೆಯ ಹತ್ತಿರ ಹೋದರೆ ಬಾರ್ಟ್ಲಿ ಕಾಯುತ್ತಿದ್ದ.

"ಎಲ್ಲೋ ನಿನ್ನ ಗ್ರಿಸೆಲ್ಡ? ನನ್ನ ಎರಡು ದೋಣಿ ಬೆಟ್ಟ ಹತ್ತಿಸಿದ್ಯಲ್ಲ, ಎಲ್ಲಿ ಅವಳು?"

"ತಿರುಗಿಬಿಟ್ಟಳು, ಬಾರ್ಟ್ಲಿ."

"ಹೌದಾ? ಹಾಗಾದ್ರೆ ನೀನೂ ಈ ಕಡೆ ತಿರುಗು."

ತಿರುಗಿದೆ. ಬಾಲ ಹಿಡಿದು ಬೀಸಿದ ನಾಲ್ಕು ಕಿಲೊ ಅಂಜಲ್ ಮೀನು ಕೆನ್ನೆಗೆ ಬಂದು ಬಡಿಯಿತು. ಬಾಯಿ ತುಂಬ ರಕ್ತ, ಒಂದು ದವಡೆ ಹಲ್ಲು ನಾಲಿಗೆಯ ಮೇಲೆ. ಮೂವತ್ತು ವರ್ಷ ಚಂಡಮಾರುತಕ್ಕೆ ಅಂಜದ ನಾನು ಅಂಜಲಿಗೆ ಅಂಜಬೇಕಾಯಿತು. ಆ ಮೀನನ್ನು ಅವನು ಅಲ್ಲಿಯೇ ಇನ್ನೊಬ್ಬರಿಗೆ ಮಾರಿದ ಎಂಬುದು ಹಲ್ಲಿಗಿಂತ ಹೆಚ್ಚು ನೋಯುವ ಸಂಗತಿ.

ಅಷ್ಟರಲ್ಲಿ ಪೆಪ್ಪರ್ ದೊರೆ ಹಾಡು ಕಟ್ಟಿಬಿಟ್ಟಿದ್ದ. ಊರಿಗೆ ಬಂದವರನ್ನೂ ಹೋದವರನ್ನೂ ಹಾಡಿನಲ್ಲಿ ಹರಿದು ಹಾಕುವ ಅವನಿಗೆ ಈ ವರ್ಷ ನಾನು ಸಿಕ್ಕಿದ್ದೇನೆ.

"ಹವಾ ಹೇಳೋ ಎವರಾರ್ಡು ಹಲಗೆ ಬಡಿದು ಕೂತ,
ಹೆಂಡ್ತಿ ಬೀಸಣಿಗೆ ಬೀಸಿದ್ರೂ ಬಿರುಗಾಳಿ ಬಂತು ಅಂತ!"

ಶಾಲೆಯ ಮಕ್ಕಳು, ಬಸ್ಸಿನ ಡ್ರೈವರು, ಚರ್ಚಿನ ಗಂಟೆ ಹೊಡೆಯುವವನು ಎಲ್ಲರ ಬಾಯಲ್ಲೂ ಇದೇ. ಹಾಡಿನ ಆ ಹೆಂಡತಿ, ನನ್ನ ವರ್ನಾ, ಆಸ್ಪತ್ರೆಯಲ್ಲಿ ರೋಗಿಗೆ ಸೂಜಿ ಚುಚ್ಚುವಾಗ ರೋಗಿಯೇ ಗುನುಗುತ್ತಿದ್ದನಂತೆ. ಸೂಜಿಯನ್ನು ಇನ್ನೊಂದು ಸಲ ಚುಚ್ಚಬೇಕಾಯಿತು ಎಂದಳು, ಕೈ ತಪ್ಪಿತೋ ಕೈ ತಪ್ಪಿಸಿದಳೋ ಹೇಳಲಿಲ್ಲ. ಹವಾಮಾನದ ಕೆಲಸದಲ್ಲಿ ಹವಾ ತಪ್ಪಿದರೆ ಹೋಗುವುದು ಮಾನ.

ಇನ್ನು ನೀನು ಕೇಳಿದ್ದರ ವಿಷಯ. "ಅಕ್ಕನನ್ನು ನೋಡಿಕೋ, ದೊಡ್ಡದು ಬಂದರೆ ಅವಳನ್ನು ಹೇಗಾದರೂ ಚರ್ಚಿಗೆ ಸೇರಿಸು" ಎಂದು ಬರೆದಿದ್ದೀಯ. ನಿಮ್ಮ ಅರ್ನೆಸ್ಟೀನಕ್ಕನನ್ನು ಯಾರಾದರೂ ಎಲ್ಲಿಗಾದರೂ ಸೇರಿಸಿದ್ದುಂಟೆ? ಬಿರುಗಾಳಿ ಅಂದರೆ ಅವಳಿಗೆ ಹಬ್ಬದ ವ್ಯಾಪಾರ. ಊರವರೆಲ್ಲ ಬ್ರೆಡ್ಡಿಗೆ ಮುಗಿಬೀಳುತ್ತಾರೆ, ಅವಳು ಒಲೆಗೆ ಇನ್ನೆರಡು ಕೊರಡು ಒಟ್ಟುತ್ತಾಳೆ. ಮೊನ್ನೆ ರಸ್ತೆಯ ಆ ಬದಿಯ ತನ್ನ ಬೇಕರಿಯ ಬಾಗಿಲಿನಿಂದಲೇ ಕೂಗಿದಳು.

"ಏನೋ ಎವರಾರ್ಡ, ಇವತ್ತು ಬಿಸಿಲೋ ಮಳೆಯೋ? ಹೇಳು, ಅದರ ಉಲ್ಟಾ ಬಟ್ಟೆ ಹಾಕ್ಕೋತೀನಿ."

"ಅಕ್ಕಾ, ನಿಜವಾಗಿ ಬಂದ ದಿನ ಒಲೆ ಆರಿಸಿ ಹೊರಡ್ತೀಯಾ ಇಲ್ವಾ?"

"ನಿನ್ನ ಬಾಯಿ ಮಾತಿಗಂತೂ ಆರಿಸಲ್ಲ. ನಿನ್ನ ಆರನೇ ಕಿಟಕಿಗೆ ಹಲಗೆ ಬೀಳಲಿ, ಆರನೇ ಮೊಳೆ ಸದ್ದಿಗೆ ನನ್ನ ಒಲೆಗೆ ನೀರು. ಆಯ್ತಾ? ಹೋಗು, ಕೆನ್ನೆಗೆ ಬಿಸಿ ಬ್ರೆಡ್ ಕಟ್ಟಿಕೋ, ಮೀನಿನ ವಾಸನೆ ಹೋಗುತ್ತೆ."

ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ರಸ್ತೆ ದಾಟಿ ತಂದುಕೊಟ್ಟಳು. ಆದ್ದರಿಂದ ನೀನು ನಿಶ್ಚಿಂತೆಯಿಂದ ಹಡಗಿನ ಇಂಜಿನ್ನಿಗೆ ಎಣ್ಣೆ ಹಾಕು. ನನ್ನ ಹಲಗೆಯೇ ಅವಳ ಗಂಟೆ. ಆ ಗಂಟೆ ಬಾರಿಸುವುದು ನನ್ನ ಜವಾಬ್ದಾರಿ, ಮಾತು ಕೊಟ್ಟಿದ್ದೇನೆ.

ನಿನ್ನ
ಎವರಾರ್ಡ್

ಮರೆತಿದ್ದೆ: ಲಿಸ್ಬನ್ನಿನಿಂದ ಅವಳಿಗೊಂದು ಒಳ್ಳೆಯ ಚಾಕು ತರಬೇಕಂತೆ. ಹೋದ ಸಲ ನೀನು ತಂದದ್ದು ಬೆಣ್ಣೆಯನ್ನೇ ಕೊಯ್ಯುವುದಿಲ್ಲವಂತೆ.

*

ಕಾಕಂಬಿ ಕೊಲ್ಲಿ
ಸೆಪ್ಟೆಂಬರ್ ೩, ಭಾನುವಾರ

ಪ್ರಿಯ ಆಲ್ಸ್ಟನ್,

ಹೋದ ಕಾಗದದ ಮಸಿ ಒಣಗುವ ಮೊದಲೇ ಇನ್ನೊಂದು. ಇದು ಬರೀ ಹೊಟ್ಟೆಯುರಿ ಕಾರಿಕೊಳ್ಳಲು.

ಮುಂದಿನ ಸುಳಿ ಇಗ್ನೇಷಿಯಸ್ ಕೂಡ ತಿರುಗಿಬಿಟ್ಟ. ಎರಡನೆಯ ಸಲ ಹಲಗೆ ಬಡಿದೆ, ಎರಡನೆಯ ಸಲ ಜನ ಬೆಟ್ಟ ಹತ್ತಿದರು, ಎರಡನೆಯ ಸಲ ನಕ್ಷತ್ರ ಕಾಣುವಷ್ಟು ಶುಭ್ರ ಆಕಾಶ. ಹಿಂದಿರುಗಿ ಬಂದವರು ನನ್ನ ಮನೆಯ ಮುಂದೆ ನಿಂತು ಕಲ್ಲು ತೂರಿದರು. ಹಲಗೆ ಇನ್ನೂ ತೆಗೆದಿರಲಿಲ್ಲವಾದ್ದರಿಂದ ಗಾಜು ಒಡೆಯಲಿಲ್ಲ. ನೋಡು, ಹಲಗೆ ಬಡಿದದ್ದು ಕೊನೆಗೂ ಉಪಯೋಗಕ್ಕೆ ಬಂತು. ರಮ್ ಅಂಗಡಿಯಲ್ಲಿ ಸೆಲ್ವಿನ್ ನನ್ನ ಪರ ಮಾತಾಡಲು ಹೋಗಿ ಬಾಟಲಿಯ ಏಟು ತಿಂದ, ಹುಬ್ಬಿಗೆ ಏಳು ಹೊಲಿಗೆ. ರಾಜಧಾನಿಯಿಂದ ಅಧಿಕಾರಿಯೊಬ್ಬರು ಫೋನ್ ಮಾಡಿ, "ಸ್ವಲ್ಪ ನೋಡಿಕೊಂಡು ಹೆದರಿಸ್ರೀ" ಎಂದರು. ಪೆಪ್ಪರ್ ದೊರೆ ಹಾಡಿಗೆ ಎರಡನೆಯ ಚರಣ ಸೇರಿಸಿದ್ದಾನೆ. ಅದನ್ನು ಬರೆಯುವುದಿಲ್ಲ, ಅದರಲ್ಲಿ ವರ್ನಾಳ ಹೆಸರಿದೆ.

ನಿಜ ಹೇಳಲೆ? ಏಟು ತಡೆದುಕೊಳ್ಳಬಹುದು. ಆದರೆ ನಿನ್ನೆ ನಾನು ಬಸ್ಸು ಹತ್ತಿದಾಗ ಎಲ್ಲರೂ ಒಟ್ಟಿಗೆ ಕೈಯಲ್ಲಿ ಬೀಸಣಿಗೆ ಹಿಡಿದವರಂತೆ ಬೀಸಿಕೊಳ್ಳತೊಡಗಿದರು. ಡ್ರೈವರೂ ಬೀಸಿಕೊಂಡ. ಅರ್ಧ ದಾರಿಯಲ್ಲಿ ಇಳಿದು ನಡೆದೇ ಕಚೇರಿ ಸೇರಿದೆ. ಮೂವತ್ತು ವರ್ಷದ ಕೆಲಸ, ಆಲ್ಸ್ಟನ್.

ಈಗ ಪೂರ್ವಕ್ಕೆ ಆರುನೂರು ಮೈಲಿ ದೂರದಲ್ಲಿ ಲವೀನಿಯ ಎಂಬವಳಿದ್ದಾಳೆ. ಸಣಕಲಿ. ಉತ್ತರಕ್ಕೆ ಅರುವತ್ತು ಮೈಲಿ ಬಿಟ್ಟು ಹಾದುಹೋಗುತ್ತಾಳೆ ಎಂದು ಲೆಕ್ಕ. ಈ ಸಲ ಪೂರ್ತಿ ಖಾತ್ರಿಯಾಗುವವರೆಗೆ ಒಂದು ಮೊಳೆಯನ್ನೂ ಮುಟ್ಟುವುದಿಲ್ಲ. ನಮ್ಮಕ್ಕ ಮಾತ್ರ ಎಂದಿನಂತೆ. ಕಲ್ಲು ತೂರಿದವರಲ್ಲಿ ಒಬ್ಬನಿಗೆ ರೊಟ್ಟಿ ಲಟ್ಟಿಸುವ ಕೋಲಿನಿಂದ ಬಿಟ್ಟಳಂತೆ. "ಅವನನ್ನ ಬೈಯೋ ಹಕ್ಕು ನನಗೊಬ್ಬಳಿಗೇ" ಎಂದಳಂತೆ.

ನಿನ್ನ
ಎವರಾರ್ಡ್

*

ಕಾಕಂಬಿ ಕೊಲ್ಲಿ
ಅಕ್ಟೋಬರ್ ೧

ನನ್ನ ಪ್ರೀತಿಯ ಆಲ್ಸ್ಟನ್,

ತಂತಿ ನಿನ್ನ ಕೈ ಸೇರಿತೆಂದು ಹಡಗು ಕಂಪನಿಯವರು ತಿಳಿಸಿದರು. "ಅರ್ನೆಸ್ಟೀನಕ್ಕ ಹೋದಳು, ಕಾಗದ ಬರೆಯುವೆ" ಎಂದಷ್ಟೇ ಇತ್ತು. ಆ ಕಾಗದಕ್ಕೆ ಇಪ್ಪತ್ತೈದು ದಿನ ಹಿಡಿಯಿತು. ಕ್ಷಮೆ ಕೇಳುವುದಕ್ಕೂ ನನಗೆ ಮುಖವಿಲ್ಲ. ಅಂಚೆ ಕಚೇರಿ ಇರಲಿಲ್ಲ, ದೋಣಿ ಇರಲಿಲ್ಲ, ಕಾಗದ ಇರಲಿಲ್ಲ ಎಂದೆಲ್ಲ ಬರೆಯಬಹುದು, ಎಲ್ಲವೂ ನಿಜವೇ. ಈಗ ಅಂಚೆ ಚೀಲ ಒಯ್ಯುವ ದೋಣಿ ಸೋಮವಾರ ಹೊರಡುತ್ತದೆ.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಲವೀನಿಯ ಇನ್ನೂ ಸಣಕಲಿಯಾಗಿಯೇ ಇದ್ದಳು. ನಡುವಿನ ಒತ್ತಡ ಒಂಬೈನೂರ ತೊಂಬತ್ತನಾಲ್ಕು ಮಿಲಿಬಾರ್, ಈ ಅಂಕಿ ಇಳಿದಷ್ಟೂ ಗಾಳಿ ಕೆರಳುತ್ತದೆ. ಅಂಥದಕ್ಕೆ ಬಾಳೆಗಿಡ ಬೀಳುತ್ತದೆ, ಮನೆ ಬೀಳುವುದಿಲ್ಲ. ಮಧ್ಯಾಹ್ನ ವಿಮಾನವೊಂದು ಅವಳ ಹೊಟ್ಟೆಯೊಳಗೆ ಹಾರಿ ಉಪಕರಣ ಇಳಿಬಿಟ್ಟಿತು. ಮೂರು ನಲುವತ್ತಕ್ಕೆ ಅಂಕಿ ಬಂತು. ಒಂಬೈನೂರ ಐವತ್ತೊಂದು.

ನಾನು ನಕ್ಕೆ. "ಉಪಕರಣ ಕೆಟ್ಟಿದೆ" ಎಂದೆ.

ಸೆಲ್ವಿನ್ ಹುಬ್ಬಿನ ಹೊಲಿಗೆ ಕೆರೆದುಕೊಳ್ಳುತ್ತ, "ಉಪಕರಣ ಕೆಟ್ಟಿಲ್ಲ ಸಾರ್, ನಮ್ಮ ಹಣೆಬರಹ ಕೆಟ್ಟಿದೆ. ಈಗಲೇ ಹೇಳಿಬಿಡೋಣ" ಎಂದ.

"ಇನ್ನೊಂದು ಅಂಕಿ ಬರಲಿ, ಸೆಲ್ವಿನ್. ಮೂರನೇ ಸಲ ನಗೆಪಾಟಲಾಗೋಕೆ ನನ್ನ ಕೈಲಾಗಲ್ಲ."

ನಾಲ್ಕೂ ಇಪ್ಪತ್ತೈದಕ್ಕೆ ಎರಡನೆಯದು ಬಂತು. ಒಂಬೈನೂರ ನಲುವತ್ತಾರು. ಜೊತೆಗೆ ದಾರಿಯೂ ದಕ್ಷಿಣಕ್ಕೆ ಸರಿದಿತ್ತು, ನಮ್ಮ ಎದೆಗೇ ಗುರಿಯಿಟ್ಟು. ಆಲ್ಸ್ಟನ್, ಐದು ಗಂಟೆಗೆ ಸರಿಯಾಗಿ ರೇಡಿಯೊ ಮುಂದೆ ಕೂತು ನಾನು ಓದಲಿಲ್ಲ, ಕಿರುಚಿದೆ. "ನಾನು ಎರಡು ಸಲ ತಪ್ಪಿದೆ, ನನ್ನನ್ನು ಬೈಯಿರಿ. ಬೈಯುತ್ತಲೇ ಬೆಟ್ಟ ಹತ್ತಿ. ಬೆಳಿಗ್ಗೆ ಏಳಕ್ಕೆ ಇವಳು ಇಲ್ಲಿರುತ್ತಾಳೆ" ಎಂದೆ. ಗಂಟೆಗೊಮ್ಮೆ ಅದನ್ನೇ ಹೇಳಿದೆ, ಸ್ವರ ಬಿದ್ದುಹೋಗುವವರೆಗೂ. ಮೇಲಿನ ಕೇರಿ, ಶಾಲೆಯ ಕೇರಿ, ಉಪ್ಪಿನ ಗದ್ದೆಯವರು ಎಲ್ಲರೂ ಕೇಳಿದರು. ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ.

ಅವಳು ಹತ್ತು ನಿಮಿಷ ಮೊದಲೇ ಬಂದಳು.

ಆ ಸದ್ದನ್ನು ಬರೆಯಲು ಬರುವುದಿಲ್ಲ. ಮೊದಲು ಗಾಳಿ ಈಶಾನ್ಯದಿಂದ, ಭೂಮಿಯ ಕಡೆಯಿಂದ ಹೊಡೆಯಿತು. ಗೋಪುರದ ಗಾಳಿಮಾಪಕದ ಮುಳ್ಳು ಗಂಟೆಗೆ ನೂರ ನಲುವತ್ತೇಳು ಮೈಲಿ ತೋರಿಸಿತು, ಆಮೇಲೆ ಗೋಪುರವೇ ನಡು ಮುರಿದು ನಮ್ಮ ಮಾಡಿನ ಮೇಲೆ ಬಿತ್ತು. ರಾಡಾರಿನ ಬಿಳಿಯ ಗುಮ್ಮಟ ಮೊಟ್ಟೆಯ ಹಾಗೆ ಒಡೆದು ಹಾರಿಹೋಯಿತು. ಬಾಗಿಲು ಚಕ್ಕಳದಂತೆ ಒಳಗೆ ಉಬ್ಬಿ ಸಿಡಿಯಿತು, ಅದರ ಚಿಲಕ ಸೆಲ್ವಿನ್ನನ ಭುಜ ಸೀಳಿಕೊಂಡು ಗೋಡೆಗೆ ನಾಟಿತು. ನಾವಿಬ್ಬರೂ ನಕ್ಷೆಯ ಮೇಜಿನ ಕೆಳಗೆ ಸೇರಿದೆವು. ನನ್ನ ಅಂಗಿ ಹರಿದು ಅವನ ಭುಜಕ್ಕೆ ತುರುಕಿ ಎರಡು ಕೈಯಿಂದ ಒತ್ತಿ ಹಿಡಿದೆ, ರಕ್ತ ನನ್ನ ಮೊಣಕೈವರೆಗೂ ಹರಿಯಿತು. ಅವನು ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡೆ. ಕಿವಿ ಕೊಟ್ಟರೆ ಲವೀನಿಯಳಿಗೆ ನಾನು ಎಂದೂ ಕೇಳಿರದ ಬೈಗುಳ.

ಊರೊಳಗೆ ತಗಡಿನ ಹಾಳೆಗಳು ಕೊಡಲಿಗಳಾದವು. ಕಟ್ಟಿಹಾಕಿದ್ದ ಕತ್ತೆಯನ್ನು ಒಂದು ಹಾಳೆ ಎರಡು ತುಂಡು ಮಾಡಿತು. ಮರದ ಮನೆಗಳು ಒಂದರ ಮೇಲೊಂದು ಉರುಳಿದವು. ಬಾರ್ಟ್ಲಿ ತನ್ನಿಬ್ಬರು ಮಕ್ಕಳನ್ನು ಬಲೆಯ ಹಗ್ಗದಲ್ಲಿ ಹುಣಸೆ ಮರಕ್ಕೆ ಕಟ್ಟಿ, ತಾನು ಅವರ ಮೇಲೆ ಕವಿದು ನಿಂತ. ಅವನ ಬೆನ್ನಿನ ಚರ್ಮವನ್ನು ಮರಳು ಉಜ್ಜಿ ಉಜ್ಜಿ ಸುಲಿದಿದೆ. ಮಕ್ಕಳು ಉಳಿದರು.

ಎಂಟು ಗಂಟೆಗೆ ಎಲ್ಲವೂ ಒಮ್ಮೆಗೇ ನಿಂತಿತು. ಬಿಸಿಲು ಬಂತು. ಎಲ್ಲಿಂದಲೋ ಸಿಕ್ಕಿಬಿದ್ದ ಬಿಳಿಯ ಕಡಲಹಕ್ಕಿಗಳು ಅಂಗಳದಲ್ಲಿ ಇಳಿದು ಸುಮ್ಮನೆ ಕೂತವು. ಚಂಡಮಾರುತದ ಕಣ್ಣು ನಮ್ಮ ಮೇಲೆ ಬಿದ್ದಿತ್ತು. ರೇಡಿಯೊ ಪೆಟ್ಟಿಗೆ ಇನ್ನೂ ಉಸಿರಾಡುತ್ತಿತ್ತು. "ಇದು ಮುಗಿದದ್ದಲ್ಲ, ಇದು ಕಣ್ಣು. ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ, ಯಾರೂ ಹೊರಗೆ ಬರಬೇಡಿ" ಎಂದೆ. ಅರ್ಧ ಗಂಟೆ ಎಂದೆ. ಹದಿನಾರೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಅವಳು ರೊಚ್ಚಿಗೆದ್ದಷ್ಟೂ ಕಣ್ಣು ಕಿರಿದಾಗುತ್ತದೆ, ಅದು ನನಗೆ ಗೊತ್ತಿದ್ದ ಪಾಠವೇ.

ಎರಡನೆಯ ಅರ್ಧದಲ್ಲಿ ನೈಋತ್ಯದ ಗಾಳಿ ಇಡೀ ಕೊಲ್ಲಿಯನ್ನು ಎತ್ತಿ ಕಡಲ ರಸ್ತೆಯ ಮೇಲೆ ಎಸೆಯಿತು. ಬೇಕರಿಯ ಒಲೆ ಕೆಂಪಗೆ ಕಾದಿತ್ತು, ಅದರೊಳಗೆ ಸಮುದ್ರ ನುಗ್ಗಿದಾಗ ಇಟ್ಟಿಗೆಗಳು ಸಿಡಿದದ್ದು ಚರ್ಚಿನವರೆಗೆ ಕೇಳಿಸಿತಂತೆ. ಕಾಕಂಬಿ ಕೊಲ್ಲಿಯಲ್ಲಿ ಸತ್ತವರು ಹನ್ನೊಂದು ಜನ. ಅವರಲ್ಲಿ ಒಂಬತ್ತು ಜನ ಕಡಲ ರಸ್ತೆಯವರು.

ಅಕ್ಕ ಬೇಕರಿಯೊಳಗೆ ಇರಲಿಲ್ಲ, ಅಷ್ಟು ಸಮಾಧಾನ ಇಟ್ಟುಕೋ. ಒಲೆ ಅವಳನ್ನು ಸುಡಲಿಲ್ಲ, ಸಮುದ್ರ ಒಯ್ಯಲಿಲ್ಲ. ಮರುದಿನ ಮಧ್ಯಾಹ್ನದ ಮೊದಲು ರಸ್ತೆಯ ಈಚೆ ಬದಿಯಲ್ಲಿ ಸಿಕ್ಕಳು. ಮುಖಕ್ಕೆ ಏನೂ ಆಗಿರಲಿಲ್ಲ. ಕೂದಲಲ್ಲಿ ಹಿಟ್ಟು ಹಾಗೆಯೇ ಇತ್ತು, ಒದ್ದೆಯಾಗಿ ಗಟ್ಟಿಯಾಗಿತ್ತು. ವರ್ನಾ ಅವಳನ್ನು ತೊಳೆದಳು. ಅವಳೇಕೆ ಚರ್ಚಿಗೆ ಹೋಗದೆ ಉಳಿದಳೋ ತಿಳಿಯದು. ರೇಡಿಯೊ ಕೇಳಿದ್ದಳು. ಅವಳ ಹಟ ನಿನಗೆ ಗೊತ್ತಲ್ಲ. ನಿಮ್ಮ ಅಪ್ಪ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು, ಬೇಕರಿಯಲ್ಲಿ ಅವಳ ಜೊತೆ ಹಿಟ್ಟು ನಾದುತ್ತಿದ್ದ ಯೂಲಲಿ ಒಂದು ಹಿಡಿ ಹಿಟ್ಟು ಹಾಕಿದಳು.

ಹೋದ ಭಾನುವಾರ ಚಾವಣಿ ಹಾರಿಹೋದ ಚರ್ಚಿನಲ್ಲಿ ಕೃತಜ್ಞತೆಯ ಪೂಜೆಯಿತ್ತು. ಪಾದ್ರಿಗಳು ನನ್ನನ್ನು ಮುಂದೆ ಕರೆದು ನಿಲ್ಲಿಸಿ, "ಈ ಮನುಷ್ಯ ಸಾವಿರದ ನಾನೂರು ಜೀವ ಉಳಿಸಿದ" ಎಂದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಬಾರ್ಟ್ಲಿ ಆ ಸುಲಿದ ಬೆನ್ನು ಹೊತ್ತು ಬಂದು ನನ್ನ ಕೈ ಹಿಡಿದು ಅತ್ತ. "ಹಲ್ಲಿನ ಬದಲು ಹಲ್ಲು ಕಿತ್ತುಕೋ ಎವರಾರ್ಡ" ಎಂದು ಬಾಯಿ ತೆರೆದ. ಪೆಪ್ಪರ್ ದೊರೆ ಹಳೆಯ ಹಾಡನ್ನು ಹಿಂದೆಗೆದುಕೊಂಡು ಹೊಸದು ಕಟ್ಟಿದ್ದಾನೆ. ಅದರಲ್ಲಿ ನಾನು ವೀರ. ಬಸ್ಸಿನಲ್ಲಿ ಈಗ ಎದ್ದು ಸೀಟು ಬಿಡುತ್ತಾರೆ. ನಾನು ಕೂರುತ್ತೇನೆ.

ಹಡಗು ಈ ಕಡೆ ಬಂದಾಗ ಮನೆಗೆ ಬಾ. ದೇವರು ನಿನ್ನನ್ನು ಆ ನೀರಿನ ಮೇಲೆ ಸುರಕ್ಷಿತವಾಗಿಡಲಿ. ನಿನ್ನ ಇಂಜಿನ್ ನಿಲ್ಲದಿರಲಿ, ನಿನ್ನ ದಾರಿಯಲ್ಲಿ ಗಾಳಿ ತೆಪ್ಪಗಿರಲಿ. ವರ್ನಾ ನಿನಗೆ ಪ್ರೀತಿ ತಿಳಿಸಲು ಹೇಳಿದ್ದಾಳೆ.

ಎಂದೆಂದೂ ನಿನ್ನ
ಎವರಾರ್ಡ್

ಮತ್ತೆ: ಕಾಗದ ಮಡಿಸಿ ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಹರಿದು ತೆರೆದಿದ್ದೇನೆ. ಅಕ್ಕ ಏಕೆ ಉಳಿದಳೋ ತಿಳಿಯದು ಎಂದು ಬರೆದೆನಲ್ಲ, ಅದು ಸುಳ್ಳು. ಯೂಲಲಿ ಹೂಳಿದ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಬೇರೆ ಯಾರಿಗೂ ಅವಳು ಹೇಳಿಲ್ಲ.

ಮಂಗಳವಾರ ಸಂಜೆ ಐದರ ನನ್ನ ಕಿರುಚಾಟ ಕೇಳಿ ಯೂಲಲಿ ಹಿಟ್ಟು ಬಿಟ್ಟು ಎದ್ದಳಂತೆ. ಅಕ್ಕ ಬಾಗಿಲಿಗೆ ಹೋಗಿ ಎದುರು ನೋಡಿದಳಂತೆ. "ಕೂತ್ಕೊಳೇ. ಅಲ್ಲಿ ಬಾಯಿ ಬಡ್ಕೊಳ್ಳೋಕೆ ಸಂಬಳ ಕೊಡ್ತಾರೆ, ಬಡ್ಕೋತಾನೆ. ಕಿಟಕಿ ನೋಡು, ಆರೂ ಬೆತ್ತಲೆ. ಅವನ ಮನೆಗೆ ಬರದ ಗಾಳಿ ನನ್ನ ಮನೆಗೆ ಬರುತ್ತಾ? ಹಿಟ್ಟು ನಾದು." ಕಡಲ ರಸ್ತೆಯ ಆ ಒಂಬತ್ತು ಜನರ ಮನೆಗಳಿಂದಲೂ ನನ್ನ ಕಿಟಕಿಗಳು ಕಾಣುತ್ತವೆ, ಆಲ್ಸ್ಟನ್. ಮೇಲಿನ ಕೇರಿಗೆ ಕಾಣುವುದಿಲ್ಲ.

ಗಡಿಬಿಡಿಯಲ್ಲಿ ನಾನು ಹಲಗೆ ಬಡಿಯಲು ಮರೆತೆ ಎಂದು ಊರು ತಿಳಿದಿದೆ. ಮರೆಯಲಿಲ್ಲ. ಅಂದು ನಾಲ್ಕು ಗಂಟೆಗೆ, ಒಂಬೈನೂರ ಐವತ್ತೊಂದು ಎಂಬ ಅಂಕಿ ನನ್ನ ಮುಂದೆ ಇದ್ದಾಗ, ವರ್ನಾ ಫೋನ್ ಮಾಡಿದಳು. "ನಾನು ಡ್ಯೂಟಿಗೆ ಹೊರಟೆ. ಪಕ್ಕದ ಮನೆಯವರಿಬ್ಬರು ಇಲ್ಲೇ ಇದಾರೆ, ಹಲಗೆ ಬಡಿಸಿಬಿಡಲಾ? ಕಾಲು ಗಂಟೆ ಕೆಲಸ" ಎಂದಳು. ನಾನು "ಬೇಡ" ಎಂದೆ. "ಇದೂ ತಿರುಗಿದ್ರೆ ಮತ್ತೆ ಹಾಡು ಕಟ್ತಾರೆ, ವರ್ನಾ. ನನ್ನ ಮಾನ ಉಳಿಸು, ಮೊಳೆ ಮುಟ್ಟಬೇಡ" ಎಂದೆ. ಅವಳು ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟು ಆಸ್ಪತ್ರೆಗೆ ಹೋದಳು. ಐದಕ್ಕೆ ಖಾತ್ರಿಯಾದ ಮೇಲೂ ಪಕ್ಕದ ಮನೆಗೆ ಒಂದು ಫೋನ್ ಮಾಡಬಹುದಿತ್ತು. ರೇಡಿಯೊದಲ್ಲಿ ಇಡೀ ದ್ವೀಪವನ್ನು ಕೂಗುತ್ತಿದ್ದೆ, ಇನ್ನೇನು ಬೇಕು ಅಂದುಕೊಂಡೆ. ವರ್ನಾ ಇಂದಿಗೂ ಆ ಫೋನಿನ ಮಾತೆತ್ತಿಲ್ಲ. ಉಳಿದೆಲ್ಲ ಮಾತಾಡುತ್ತಾಳೆ.

ಇನ್ನೂ ಇದೆ. ರಸ್ತೆಯ ಈಚೆ ಬದಿಯಲ್ಲಿ ಸಿಕ್ಕಳು ಎಂದೆನಲ್ಲ, ಸಿಕ್ಕಿದ್ದು ನನ್ನ ಐದನೆಯ ಕಿಟಕಿಯ ಕೆಳಗೆ. ಗಾಳಿ ನಿಂತಾಗ ಯೂಲಲಿ ಬೆಟ್ಟಕ್ಕೆ ಓಡಲು ಹೊರಟು ಅಕ್ಕನ ಕೈ ಹಿಡಿದು ಎಳೆದಳು. ಅಕ್ಕ ಕೈ ಕೊಸರಿಕೊಂಡು, "ನೀನು ನಡಿ. ಅರ್ಧ ಗಂಟೆ ಇದೆ ಅಂತ ಅವನೇ ಹೇಳಿದಾನೆ. ಮುಂದಿನ ಗಾಳಿ ಸಮುದ್ರದ ಕಡೆಯಿಂದ, ಆ ಕಿಟಕಿಗಳು ಒಂದೂ ಉಳಿಯಲ್ಲ. ಪಾಪ, ನಮ್ಮನ್ನೆಲ್ಲ ಕಾಯೋ ಗಡಿಬಿಡೀಲಿ ತನ್ನ ಮನೇನೇ ಮರೆತಿದಾನೆ ಪೆದ್ದ" ಎಂದು ಸುತ್ತಿಗೆ ಹಿಡಿದು ರಸ್ತೆ ದಾಟಿದಳಂತೆ.

ಹದಿನಾರು ನಿಮಿಷದಲ್ಲಿ ನಾಲ್ಕು ಹಲಗೆ ಬಡಿದಿದ್ದಾಳೆ. ಆ ನಾಲ್ಕು ಕಿಟಕಿಗಳ ಗಾಜು ಒಂದೂ ಒಡೆದಿಲ್ಲ. ವರ್ನಾ ಅವನ್ನು ತೆಗೆಯೋಣ, ಮನೆಗೆ ಬೆಳಕು ಬರಲಿ ಎನ್ನುತ್ತಾಳೆ. ನಾನು ಬಿಟ್ಟಿಲ್ಲ. ಆ ನಾಲ್ಕರ ಹಿಂದಿನ ಕೋಣೆಯಲ್ಲಿ ಹಾಡುಹಗಲಲ್ಲೇ ದೀಪ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ನೀನು ಬಂದು ಆ ನಾಲ್ಕನ್ನು ಕೀಳು, ಇಲ್ಲವೆ ಉಳಿದೆರಡನ್ನೂ ಬಡಿದುಬಿಡು. ಅವಳ ಬೆರಳು ಬಿಡಿಸಿ ತೆಗೆದ ಸುತ್ತಿಗೆಯನ್ನು ನಿನಗೆಂದೇ ಬಾಗಿಲ ಹಿಂದೆ ಇಟ್ಟಿದ್ದೇನೆ. ನೀನು ಬಂದ ದಿನ ನಾನು ಮನೆಯಲ್ಲೇ ಇರುತ್ತೇನೆ, ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.